ಮಧ್ಯಾಹ್ನಕ್ಕೆ ಬುತ್ತಿ ಹಳಸುತ್ತಿದ್ದರೆ

ಕಾಸರಗೋಡಿನಿಂದ ಬೆಳಗ್ಗಿನ ರೈಲಿಗೆ ಮಂಗಳೂರಿಗೆ ಒಯ್ಯುವ ಬುತ್ತಿ ಹಳಸಿ, ಕೊನೆಗೆ ಹೋಟೆಲಿಗೇ ದುಡ್ಡು ಹೋಗುತ್ತದೆ ಅಂದಿರಲ್ಲ, ಅದಕ್ಕೆ ಹೆಚ್ಚಾಗಿ ಕಾರಣ ಕಾಯಿ ಅರೆದು ಹಾಕಿದ ಸಾಂಬಾರು, ಮತ್ತೆ ಅನ್ನ ಬಿಸಿ ಇರುವಾಗಲೇ ಮುಚ್ಚುವುದು. ನನಗೂ ಹಾಗೇ ಆಗುತ್ತಿತ್ತು.

ಮೊದಲು ಕುಚ್ಚಲಕ್ಕಿ ಅನ್ನದ ಗಂಜಿನೀರು ಪೂರ್ತಿ ಬಸಿಯಿರಿ. ಅಗಲ ತಟ್ಟೆಗೆ ಹರಡಿ ಫ್ಯಾನಿನ ಕೆಳಗಿಡಿ, ಹಬೆ ಹೋದ ಮೇಲೆ ಒಣಗಿದ ಸ್ಟೀಲ್ ಡಬ್ಬಿಗೆ ಹಾಕಿ. ಮುಚ್ಚಳದ ರಬ್ಬರ್ ದಿನಾ ತೆಗೆದು ತೊಳೆಯಿರಿ, ಹಳೇ ವಾಸನೆ ಕೂರುವುದು ಅಲ್ಲೇ. ಸಾಂಬಾರಿನ ಬದಲು ಕಾಯಿ ಹಾಕದ ಪುನರ್ಪುಳಿ (ಕೋಕಂ) ಸಾರು, ಬಾಳೆಕಾಯಿ ಹುರಿದ ಪಲ್ಯ, ಮಿಡಿ ಉಪ್ಪಿನಕಾಯಿ ಸಾಕು, ರುಚಿಗೂ ಕಮ್ಮಿ ಇಲ್ಲ. ಕಾಯಿಯದ್ದೇ ಬೇಕಾದರೆ ಅರಪ್ಪು (ಅರೆದ ಕಾಯಿ ಮಸಾಲೆ) ಹಾಕಿದ ಮೇಲೆ ಚೆನ್ನಾಗಿ ಕುದಿಸಿ, ಆರಿಸಿ, ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಆದರೂ ಏಪ್ರಿಲ್, ಮೇ ಸೆಕೆಗೆ ಅದು ನಿಲ್ಲುತ್ತದೆ ಅಂತ ಧೈರ್ಯ ಕೊಡಲಾರೆ. ಹುಳಿ ವಾಸನೆ ಬಂದರೆ ಸುಮ್ನೆ ಬಿಸಾಡಿ, ತಿನ್ನಬೇಡಿ.