ಮಾರ್ಕ್ಸ್ ಬಂತು, ಇಂಗ್ಲಿಷ್ ಬಂತಾ?

ಹದಿಹರೆಯದ ಮಕ್ಕಳ ಇಂಗ್ಲಿಷ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದಷ್ಟೆ, ಪತ್ರ ವಾಟ್ಸಾಪ್ ಎಲ್ಲ ಸೇರಿ ರಾಶಿ ಬಿದ್ದಿದೆ. ಒಂದೇ ತರದ್ದನ್ನ ಬದಿಗಿಟ್ಟು ಐದನ್ನ ತಗೊಂಡಿದ್ದೀನಿ.

ಪ್ರಶ್ನೆ: ಮೇಡಂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಗ್ರಾಮರ್ ವರ್ಕ್‌ಶೀಟಲ್ಲಿ ಯಾವಾಗ್ಲೂ 20ಕ್ಕೆ 18, 19 ತರ್ತಾಳೆ. ಆದ್ರೆ ಪೇಪರ್ ಕೈಗೆ ಕೊಟ್ಟು ಒಂದು ಸುದ್ದಿ ಓದು ಅಂದ್ರೆ ಗಡಗಡ ಓದ್ತಾಳೆ, ಏನು ಓದಿದೆ ಹೇಳು ಅಂದ್ರೆ ನನ್ನ ಮುಖ ನೋಡ್ತಾಳೆ. ಸ್ಕೂಲಲ್ಲಿ ಕೇಳಿದ್ರೆ ಚೆನ್ನಾಗೇ ಮಾಡ್ತಿದ್ದಾಳಲ್ಲ ಅಂತಾರೆ. ಮನೇಲಿ ನಾವೇ ಟೆಸ್ಟ್ ಮಾಡೋದು ಹೇಗೆ? ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. (ಒಬ್ಬ ಅಮ್ಮ, ಡೊಂಬಿವಲಿ)

ಉತ್ತರ: ನಿಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ ಇದ್ರೂ ಏನೂ ತೊಂದರೆ ಇಲ್ಲಮ್ಮ, ಯಾಕೆ ಅಂತ ಮುಂದೆ ಹೇಳ್ತೀನಿ. ಮೊದಲು ಆ ವರ್ಕ್‌ಶೀಟ್ ತೆಗೆದು ನೋಡಿ. ಮೇಲೆ ದಪ್ಪಕ್ಷರದಲ್ಲಿ 'ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್' ಅಂತ ಇರುತ್ತೆ, ಕೆಳಗೆ ಹತ್ತು ವಾಕ್ಯ, ಪ್ರತಿ ಖಾಲಿ ಜಾಗದ ಪಕ್ಕ ಬ್ರಾಕೆಟಲ್ಲಿ ಒಂದು ವರ್ಬು. ಹತ್ತಕ್ಕೂ ಹ್ಯಾವ್ ಇಲ್ಲಾ ಹ್ಯಾಸ್ ಹಾಕಿ ಮೂರನೇ ಫಾರ್ಮ್ ಬರೆದ್ರೆ ಮುಗೀತು, ವಾಕ್ಯ ಓದೋ ಅಗತ್ಯಾನೇ ಇಲ್ಲ. ಯಾವ ಟೆನ್ಸ್ ಹಾಕ್ಬೇಕು ಅಂತ ಆರಿಸೋದೇ ಗ್ರಾಮರಲ್ಲಿ ಕಷ್ಟದ ಕೆಲಸ, ಅದನ್ನ ಹೆಡ್ಡಿಂಗೇ ಮಾಡಿಕೊಟ್ಟುಬಿಟ್ಟಿದೆ, ಉಳಿದಿದ್ದು ಬಾಯಿಪಾಠ. ಅದಕ್ಕೆ 19 ಬಂದ್ರೆ ಏನು 20 ಬಂದ್ರೆ ಏನು.

ಗ್ರಾಮರ್ ನೋಡ್ಬೇಕು ಅಂದ್ರೆ ಟೆನ್ಸಿನ ಸುದ್ದೀನೇ ಎತ್ತಬೇಡಿ. ಹೋದ ವರ್ಷ ಸೊಸೈಟಿ ಗಣಪತಿ ವಿಸರ್ಜನೆ ದಿನ ಏನೇನಾಯ್ತು, ಈ ವರ್ಷ ಏನು ಮಾಡ್ಬೇಕಂತಿದ್ದಾರೆ ಅಂತ ಹತ್ತು ಹನ್ನೆರಡು ಸಾಲು ಬರೆಸಿ. ಮೊದಲ ಮೂರು ಸಾಲು ವೆಂಟ್, ಕೇಮ್, ಡ್ಯಾನ್ಸ್ಡ್ ಅಂತ ಸರಿಯಾಗೇ ಇರುತ್ತೆ, ಕಥೆ ರಂಗೇರಿದ ಹಾಗೆ ಗೋ, ಕಮ್ ಅಂತ ಜಾರೋಕೆ ಶುರು. ಎಲ್ಲಿಂದ ಜಾರ್ತಾಳೆ ಅನ್ನೋದನ್ನ ಪೆನ್ಸಿಲಲ್ಲಿ ಗುರುತು ಹಾಕಿ, ಅಷ್ಟೇ ಟೆಸ್ಟು. ಇನ್ನೊಂದು ಮಾತು, ಎ, ಆನ್, ದ ಇವು ಕನ್ನಡದಲ್ಲೂ ಇಲ್ಲ ಮರಾಠಿ ಹಿಂದಿಯಲ್ಲೂ ಇಲ್ಲ, ಹಾಗಾಗಿ ನಮ್ಮ ಮಕ್ಕಳಿಗೆ ಅವು ತುಂಬ ವರ್ಷ ಕೈಕೊಡ್ತಾನೇ ಇರ್ತವೆ, ಅದಕ್ಕೆ ಬೈಬೇಡಿ.

ಇನ್ನು ಓದೋದು. ದೊಡ್ಡ ಮೋಸ ನಡೆಯೋದೇ ಇಲ್ಲಿ. ಈ ಸಾಲು ನೋಡಿ, ನಾನೇ ಕಟ್ಟಿದ್ದು: 'ಟೋಬಿ ವೆಂಟ್ ಟು ದ ಝಿಂಪ್ ಅಂಡ್ ಬ್ಲೋರ್ಡ್ ತ್ರೀ ಮಿಲಕ್ಸ್.' ಝಿಂಪ್, ಬ್ಲೋರ್ಡ್, ಮಿಲಕ್ಸ್ ಅನ್ನೋ ಪದಗಳು ಇಂಗ್ಲಿಷಲ್ಲಿ ಇಲ್ಲವೇ ಇಲ್ಲ. ಈಗ ಪ್ರಶ್ನೆ, ಟೋಬಿ ಎಲ್ಲಿಗೆ ಹೋದ? ಝಿಂಪಿಗೆ. ಎಷ್ಟು ಮಿಲಕ್ಸ್ ಬ್ಲೋರ್ ಮಾಡಿದ? ಮೂರು. ನೋಡಿ, ನಿಮಗೂ ಎರಡಕ್ಕೆ ಎರಡು ಮಾರ್ಕ್ಸ್! ಕಾಂಪ್ರಹೆನ್ಷನ್ ಅಂತ ಕೇಳೋ ಪ್ರಶ್ನೆಗಳಲ್ಲಿ ಎಷ್ಟೋ ಈ ಜಾತಿಯವೇ, ಪ್ರಶ್ನೆಯಲ್ಲಿರೋ ಪದ ಪ್ಯಾಸೇಜಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲು ಎತ್ತಿ ಬರೆದ್ರೆ ಮಾರ್ಕ್ಸ್ ಗ್ಯಾರಂಟಿ. ನಿಮ್ಮ ಮಗಳು ಜಾಣೆ, ಆ ಟ್ರಿಕ್ ಅವಳಿಗೆ ಗೊತ್ತಾಗಿದೆ.

ಇದು ನಿಮ್ಮ ಮನೆ ಕಥೆ ಮಾತ್ರ ಅಲ್ಲ. ನಮ್ಮ ಮುಂಬೈ ಸ್ಲಮ್ಮುಗಳಲ್ಲಿ ಕೆಲಸ ಶುರು ಮಾಡಿದ ಪ್ರಥಮ್ ಸಂಸ್ಥೆಯವರ 2023ರ ಅಸರ್ ವರದಿ 14ರಿಂದ 18 ವಯಸ್ಸಿನ ಹಳ್ಳಿ ಮಕ್ಕಳನ್ನ ನೋಡಿದ್ದು. ಅದರಲ್ಲಿ ಇಂಗ್ಲಿಷ್ ವಾಕ್ಯ ಓದೋಕೆ ಬಂದವರು ಶೇಕಡಾ 57.3. ಆ ಓದಿದವರಲ್ಲೂ ಅರ್ಥ ಹೇಳಿದವರು ಶೇಕಡಾ 73.5 ಅಷ್ಟೆ, ಅಂದ್ರೆ ಓದೋಕೆ ಬರೋ ನಾಲ್ವರಲ್ಲಿ ಒಬ್ಬರಿಗೆ ತಾನು ಓದಿದ್ದೇನು ಅಂತ ಗೊತ್ತಿಲ್ಲ. ಅದು ಹಳ್ಳಿ ಲೆಕ್ಕ ಸರಿ, ಆದ್ರೆ ಡೊಂಬಿವಲಿ ಫ್ಲ್ಯಾಟಲ್ಲೂ ಇದೇ ಆಗುತ್ತೆ, ಇಂಗ್ಲಿಷ್ ಮೀಡಿಯಂ ಯೂನಿಫಾರ್ಮ್ ಅದನ್ನ ಮುಚ್ಚಿಡುತ್ತೆ.

ಮನೇಲಿ ಹೀಗೆ ಮಾಡಿ. ಭಾನುವಾರದ ಮೆಗಾಬ್ಲಾಕ್ (ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸೋದು) ಸುದ್ದಿ ಶನಿವಾರ ಇಂಗ್ಲಿಷ್ ಪೇಪರಲ್ಲಿ ಬರುತ್ತೆ, ಕನ್ನಡ ಪೇಪರಲ್ಲೂ ಬರುತ್ತೆ. ನೀವು ಕನ್ನಡದ್ದು ಓದ್ಕೊಂಡು ರೆಡಿಯಾಗಿರಿ, ಅವಳಿಗೆ ಇಂಗ್ಲಿಷಿಂದು ಕೊಡಿ. ಜೋರಾಗಿ ಓದಿಸಬೇಡಿ, ಜೋರಾಗಿ ಓದೋವಾಗ ಗಮನ ಎಲ್ಲ ಉಚ್ಚಾರದ ಮೇಲೇ ಹೋಗುತ್ತೆ. ಮನಸ್ಸಲ್ಲೇ ಓದಲಿ, ಆಮೇಲೆ ಪೇಪರ್ ಮಡಚಿಟ್ಟು ಕನ್ನಡದಲ್ಲೋ ತುಳುವಲ್ಲೋ ಮನೇಲಿ ಆಡೋ ಭಾಷೆಯಲ್ಲೇ ಹೇಳಲಿ. ಇಂಗ್ಲಿಷಲ್ಲಿ ಹೇಳು ಅಂದ್ರೆ ಅರ್ಥ ಆಗಿಲ್ವೋ, ಆಗಿದ್ರೂ ಹೇಳೋಕೆ ಬರ್ತಿಲ್ವೋ ಅಂತ ನಿಮಗೆ ತಿಳಿಯಲ್ಲ. ಯಾವ ಲೈನು, ಎಷ್ಟು ಹೊತ್ತಿಂದ ಎಷ್ಟು ಹೊತ್ತು ಅಂತ ಮೊದಲು ಕೇಳಿ, ಅದು ಸುಲಭ. ಆಮೇಲೆ ಪೇಪರಲ್ಲಿ ಬರೆದಿಲ್ಲದ್ದು ಕೇಳಿ, ಹನ್ನೊಂದು ಗಂಟೆಗೆ ದಾದರಲ್ಲಿ ಇರ್ಬೇಕು ಅಂದ್ರೆ ನೀನು ಎಷ್ಟೊತ್ತಿಗೆ ಮನೆ ಬಿಡ್ತೀಯ, ಸ್ಲೋ ಹಿಡೀತೀಯಾ ಫಾಸ್ಟ್ ಹಿಡೀತೀಯಾ? ಕೊನೆಗೆ ಮಧ್ಯದ ಯಾವುದಾದ್ರೂ ಇಟ್, ದಿಸ್, ದೇ ಮೇಲೆ ಬೆರಳಿಟ್ಟು ಇದು ಯಾರಿಗೆ, ಯಾವುದಕ್ಕೆ ಹೇಳಿದ್ದು ಅಂತ ಕೇಳಿ. ಗಡಗಡ ಓದೋ ಮಕ್ಕಳು ಹೆಚ್ಚಾಗಿ ಸಿಕ್ಕಿಬೀಳೋದು ಈ ಬೆರಳಿಗೇ.

ಪ್ರಶ್ನೆ: ನಾನು ಭಾಂಡೂಪಲ್ಲಿ ಮನೇಲೇ ಟ್ಯೂಷನ್ ತಗೋತೀನಿ. ಕೆಲವು ಮಕ್ಕಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತು ಬಂದವರು, ಕೆಲವರು ಇಂಗ್ಲಿಷ್ ಮೀಡಿಯಂ, ಎಲ್ಲ ಎಂಟು ಒಂಬತ್ತನೇ ಕ್ಲಾಸು. ಜೂನಲ್ಲಿ ಹೊಸಬರು ಬಂದಾಗ ಯಾರು ಎಲ್ಲಿದ್ದಾರೆ ಅಂತ ತಿಳಿಯೋಕೆ ಒಂದು ಟೆಸ್ಟ್ ಬೇಕು, ಗ್ರಾಮರ್, ವೊಕ್ಯಾಬುಲರಿ, ರೀಡಿಂಗ್ ಮೂರೂ ಗೊತ್ತಾಗ್ಬೇಕು, ಒಂದು ಗಂಟೆ ಮೇಲೆ ಯಾರೂ ಕೂರಲ್ಲ. ಹಳೇ ಎಸ್‌ಎಸ್‌ಸಿ (ಹತ್ತನೇ ಕ್ಲಾಸ್ ಬೋರ್ಡ್) ಪೇಪರ್ ಕೊಟ್ರೆ ಸಾಕಾ? (ಟ್ಯೂಷನ್ ಟೀಚರ್, ಭಾಂಡೂಪ್)

ಉತ್ತರ: ಬೋರ್ಡ್ ಪೇಪರ್ ಬೋರ್ಡ್ ಪರೀಕ್ಷೆಗೆ ತಯಾರಿ ಮಾಡಿಸೋಕೆ ಒಳ್ಳೇದು, ಈ ಕೆಲಸಕ್ಕೆ ಬೇಡ. ಥರ್ಡ್ ಲ್ಯಾಂಗ್ವೇಜ್ ಇಂಗ್ಲಿಷ್ ಪೇಪರಲ್ಲಿ ಪದಗಳನ್ನ ಆಲ್ಫಬೆಟ್ ಆರ್ಡರಲ್ಲಿ ಜೋಡಿಸಿ, ವರ್ಡ್ ಚೈನ್ ಮಾಡಿ ಅನ್ನೋ ತರದ್ದಕ್ಕೆಲ್ಲ ಮಾರ್ಕ್ಸ್ ಇದೆ, ಪಾಠದಿಂದಲೇ ತೆಗೆದ ಪ್ಯಾಸೇಜಿದೆ, ಗೈಡ್ ಓದಿದವನಿಗೆ ಅದರ ಉತ್ತರ ಮೊದಲೇ ಗೊತ್ತು. 80 ಮಾರ್ಕಿನ ಲಿಖಿತ, 20 ಇಂಟರ್ನಲ್, ಪಾಸಿಗೆ 35. ಎಲ್ಲ ಸೇರಿಸಿ ಕೂಡಿದ ಮೇಲೆ 52 ಬಂತು ಅಂದ್ಕೊಳ್ಳಿ, ಆ 52 ನಿಮಗೆ ಏನು ಹೇಳುತ್ತೆ? ಏನೂ ಇಲ್ಲ.

ನಾನಾಗಿದ್ರೆ ಕ್ಲೋಜ್ ಟೆಸ್ಟ್ ಕೊಡ್ತೀನಿ. ಮಕ್ಕಳು ಹಿಂದೆ ನೋಡಿರದ 200 ಪದದ ಒಂದು ಕಥೆ ತಗೊಳ್ಳಿ, ಏಳನೇ ಕ್ಲಾಸ್ ಮಟ್ಟದ್ದು ಇರಲಿ. ಮೊದಲ ವಾಕ್ಯ ಹಾಗೇ ಬಿಡಿ, ಆಮೇಲಿಂದ ಪ್ರತಿ ಏಳನೇ ಪದ ತೆಗೆದು ಗೆರೆ ಎಳೀರಿ, ಕೊನೇ ವಾಕ್ಯಾನೂ ಮುಟ್ಟಬೇಡಿ. ಬ್ರಾಕೆಟಲ್ಲಿ ಸುಳಿವು ಬೇಡ, ಆಪ್ಷನ್ ಬೇಡ. ಸುಲಭದ್ದು ಕಷ್ಟದ್ದು ಅಂತ ನೀವು ಆರಿಸ್ಲೂಬೇಡಿ, ಏಳನೇದು ಯಾವುದು ಬರುತ್ತೋ ಅದೇ. 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಅನ್ನೋರು ಈ ವಿಧಾನ ತಂದಿದ್ದು, ಆಗ ಅದು ಓದುವವರನ್ನ ಅಳೆಯೋಕೇ ಅಲ್ಲ, ಒಂದು ಬರಹ ಓದೋಕೆ ಎಷ್ಟು ಕಷ್ಟ ಅಂತ ಅಳೆಯೋಕೆ ಮಾಡಿದ್ದು, ಆಮೇಲೆ ಭಾಷೆ ಕಲಿಸುವವರು ತಮ್ಮ ಕೆಲಸಕ್ಕೆ ಎತ್ತಿಕೊಂಡರು.

ಮಾರ್ಕ್ಸ್ ಹಾಕೋವಾಗ ಪುಸ್ತಕದಲ್ಲಿರೋ ಪದವೇ ಬರ್ಬೇಕು ಅಂತ ಹಟ ಹಿಡಿಯಬೇಡಿ, ಆ ಜಾಗಕ್ಕೆ ಒಪ್ಪೋ ಯಾವ ಪದ ಬರೆದ್ರೂ ಸರಿ ಅನ್ನಿ. ನಿಜವಾದ ಕೆಲಸ ತಪ್ಪುಗಳನ್ನ ವಿಂಗಡಿಸೋದು. ಆಫ್, ಹ್ಯಾಡ್, ದ, ಟು ತರದ ಚಿಕ್ಕ ಪದಗಳೇ ತಪ್ಪಿವೆ ಅಂದ್ರೆ ಗ್ರಾಮರ್ ನೋಡ್ಬೇಕು. ಚಿಕ್ಕವೆಲ್ಲ ಸರಿ, ನೌನು ವರ್ಬು ಜಾಗದಲ್ಲಿ ಖಾಲಿ ಬಿಟ್ಟಿದ್ದಾನೆ ಅಂದ್ರೆ ಪದ ಸಾಲ್ತಿಲ್ಲ. ಮೂರನೇ ತರ ಇದೆ, ಅದೇ ಸ್ವಾರಸ್ಯ. ಬಸ್ಸು ಎರಡು ಗಂಟೆ ಲೇಟಾಗಿ ಬಂತು ಅಂತ ಹಿಂದಿನ ವಾಕ್ಯದಲ್ಲಿದೆ, ಮುಂದೆ 'ಸೋ ಮೀನಾ ಡ್ಯಾಶ್ ಹರ್ ಎಕ್ಸಾಮ್'. ಮಿಸ್ಡ್ ಅಂತ ಬರ್ಬೇಕು, ಹುಡುಗ ಅಟೆಂಡೆಡ್ ಅಂತ ಬರೀತಾನೆ. ಟೆನ್ಸ್ ಸರಿ, ಪದ ಗೊತ್ತು, ಸ್ಪೆಲಿಂಗೂ ಸರಿ, ಆದ್ರೆ ಬಸ್ಸು ಲೇಟಾಗಿದ್ದು ಅವನ ತಲೆಗೆ ಹೋಗಿಲ್ಲ. ಅವನು ಒಂದೊಂದೇ ವಾಕ್ಯ ಓದ್ತಾನೆ, ವಾಕ್ಯದಿಂದ ವಾಕ್ಯಕ್ಕೆ ದಾಟಲ್ಲ. ಅವನಿಗೆ ಇನ್ನೂ ಐವತ್ತು ಗ್ರಾಮರ್ ಎಕ್ಸರ್‌ಸೈಜ್ ಕೊಟ್ರೆ ವ್ಯರ್ಥ.

ಒಂದು ಪ್ಯಾಸೇಜಿಗೆ ಇಪ್ಪತ್ತೈದು ನಿಮಿಷ ಸಾಕು. ಉಳಿದ ಹೊತ್ತಲ್ಲಿ ಒಬ್ಬೊಬ್ಬರನ್ನೇ ಪಕ್ಕ ಕೂರಿಸಿ ಕಥೆ ಏನು ಅಂತ ಕನ್ನಡದಲ್ಲಿ ಕೇಳಿ. ಕನ್ನಡ ಶಾಲೆಯಿಂದ ಬಂದ ಮಕ್ಕಳು ಬರೆಯೋಕೆ ಹೆದರಿ ಖಾಲಿ ಬಿಟ್ಟಿರ್ತಾರೆ, ಬಾಯಲ್ಲಿ ಕೇಳಿದ್ರೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗಿಂತ ಚೆನ್ನಾಗಿ ಕಥೆ ಹೇಳ್ತಾರೆ, ಇದನ್ನ ಎಷ್ಟೋ ಸಲ ನೋಡಿದ್ದೀನಿ.

ಪ್ರಶ್ನೆ: ನಮ್ಮದು ಘಾಟ್‌ಕೋಪರಲ್ಲಿ ಸಣ್ಣ ಹೋಟೆಲು ಉಂಟು ಮೇಡಂ. ಮಗ ಎಂಟನೇ ಕ್ಲಾಸು. ದಿನಕ್ಕೆ 10 ವರ್ಡು ಡಿಕ್ಷನರಿಯಿಂದ ಬಾಯಿಪಾಠ ಮಾಡ್ಲಿಕ್ಕೆ ಹೇಳಿದ್ದೇನೆ, ರಾತ್ರಿ ಗಲ್ಲಾದಲ್ಲಿ ಕೂತುಕೊಂಡೇ ಕೇಳ್ತೇನೆ, ಮೀನಿಂಗ್ ಫಟಾಫಟ್ ಹೇಳ್ತಾನೆ. ಯುನಿಟ್ ಟೆಸ್ಟಲ್ಲಿ ಪ್ಯಾಸೇಜಿಗೆ 10ಕ್ಕೆ 3. ಇದೆಂತ ಕಥೆ ಮಾರಾಯ್ರೆ? (ಹೋಟೆಲಿನವರು, ಘಾಟ್‌ಕೋಪರ್)

ಉತ್ತರ: ಡಿಕ್ಷನರಿ ಮೊದಲ ಪುಟದಿಂದ ಹಿಡಿದಿದ್ರೆ ಅವನಿನ್ನೂ ಎ ಅಕ್ಷರದಲ್ಲೇ ಇರ್ಬೇಕು ಅಲ್ವಾ ಅಣ್ಣ? ಅಬ್ಡಿಕೇಟ್ ಅಂದ್ರೆ ಸಿಂಹಾಸನ ಬಿಡೋದು ಅಂತ ಅವನಿಗೆ ಗೊತ್ತು, ಆ ಪದ ಅವನ ಕಣ್ಣಿಗೆ ಮತ್ತೆ ಬೀಳೋದು ಯಾವಾಗ ದೇವರೇ ಬಲ್ಲ.

ಯಾವ ಪದ ಎಷ್ಟು ಸಲ ಬರುತ್ತೆ ಅನ್ನೋದು ಮುಖ್ಯ. ಬಂಗಾಳದಲ್ಲಿ ಮಕ್ಕಳಿಗೆ ಇಂಗ್ಲಿಷ್ ಓದೋದು ಕಲಿಸೋ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದದ ಒಂದು ಪಟ್ಟಿ ಪ್ರಕಟಿಸಿದ್ರು, ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 80 ಪದ ಅದರೊಳಗಿನವೇ. ಪದ ಎಷ್ಟು ಗೊತ್ತು ಅಂತ ಅಳೆಯೋ ಟೆಸ್ಟುಗಳಿಗೆ ಹೆಸರಾದ ನ್ಯೂಜಿಲೆಂಡಿನ ಪಾಲ್ ನೇಷನ್ ಕೂಡ ಮೊದಲು 2000ದ ಮಟ್ಟ, ಆಮೇಲೆ 3000, 5000 ಅಂತ ಮೆಟ್ಟಿಲು ಮೆಟ್ಟಿಲಾಗೇ ನೋಡಿದ್ದು. ಯಾರ ಸಹಾಯಾನೂ ಇಲ್ಲದೆ ಆರಾಮಾಗಿ ಓದ್ಬೇಕಾದ್ರೆ ಪುಟದಲ್ಲಿ ನೂರಕ್ಕೆ 98 ಪದ ಗೊತ್ತಿರ್ಬೇಕು ಅನ್ನೋದು ಅವರು ಮತ್ತು ಅವರ ಸಂಗಡಿಗರೊಬ್ಬರು 2000ನೇ ಇಸವಿಯಲ್ಲಿ ಕಂಡುಕೊಂಡ ಲೆಕ್ಕ. 50 ಪದಕ್ಕೆ ಗೊತ್ತಿಲ್ಲದ್ದು ಒಂದೇ ಒಂದು! ಮಗನ ಪುಸ್ತಕದಲ್ಲಿ ಯಾವುದಾದ್ರೂ ಪುಟ ತೆಗೆದು 100 ಪದ ಎಣಿಸಿ, ಗೊತ್ತಿಲ್ಲದ್ದಕ್ಕೆ ಅವನೇ ಗೆರೆ ಹಾಕಲಿ. ಐದು ಆರು ಗೆರೆ ದಾಟಿದ್ರೆ ಆ ಪುಸ್ತಕ ಸದ್ಯಕ್ಕೆ ಅವನಿಗೆ ಭಾರ, ಕೆಳಗಿನ ಕ್ಲಾಸಿಂದು ಕೊಡಿ.

ಗೆರೆ ಹಾಕೋಕೆ ನಾಚಿಕೆ ಪಟ್ಟು ಎಲ್ಲ ಗೊತ್ತು ಅನ್ನೋ ಹುಡುಗರೂ ಇದ್ದಾರೆ. ಅಂಥವರಿಗೆ 40 ಪದದ ಪಟ್ಟಿ ಕೊಡಿ, ಗೊತ್ತಿದ್ರೆ ಟಿಕ್, ಇಲ್ದಿದ್ರೆ ಬೇಡ. ಅದರಲ್ಲಿ ಎಂಟು ಹತ್ತು ಪದ ನಾವೇ ಹುಟ್ಟಿಸಿದ್ದಾಗಿರ್ಲಿ, ಮೇಲೆ ಹೇಳಿದ ಝಿಂಪ್ ತರದವು. ಝಿಂಪಿಗೆ ಟಿಕ್ ಬಿತ್ತು ಅಂದ್ರೆ ಉಳಿದ ಟಿಕ್ಕುಗಳನ್ನ ಎಷ್ಟು ನಂಬ್ಬೇಕು ಅಂತ ಲೆಕ್ಕ ಸಿಕ್ತು. ಇದು ನನ್ನ ಕಿತಾಪತಿ ಅಲ್ಲ, ಭಾಷಾ ಟೆಸ್ಟಿಂಗಲ್ಲಿ ಗಂಭೀರವಾಗೇ ಬಳಸೋ ವಿಧಾನ.

ಕೊನೆಗೆ, ಮೀನಿಂಗ್ ಕೇಳೋದು ಬಿಟ್ಟು ವಾಕ್ಯ ಕೇಳಿ. 'ಹಿ ಹಾರ್ಡ್ಲಿ ವರ್ಕ್ಸ್' (ಅವನು ಕೆಲಸ ಮಾಡೋದೇ ಅಪರೂಪ ಅಂತ ಅರ್ಥ) ಅಂತ ಬರೆದು ಕೊಟ್ಟು, ಇಂಥವನನ್ನ ನಮ್ಮ ಹೋಟೆಲಿಗೆ ಕೆಲಸಕ್ಕೆ ಇಟ್ಕೊಳ್ಲಾ ಅಂತ ಮಗನನ್ನೇ ಕೇಳಿ. ಇಟ್ಕೊಳ್ಳಿ ಪಪ್ಪ ಅಂದ್ರೆ ಪ್ಯಾಸೇಜಲ್ಲಿ 3 ಯಾಕೆ ಬಂತು ಅಂತ ನಿಮಗೇ ಗೊತ್ತಾಗುತ್ತೆ. ಹಾರ್ಡ್ಲಿ, ಅನ್‌ಲೆಸ್, ಆಲ್‌ದೋ, ಇನ್‌ಸ್ಟೆಡ್, ಇವು ಚಿಕ್ಕ ಪದಗಳು, ವಾಕ್ಯದ ದಿಕ್ಕನ್ನೇ ತಿರುಗಿಸಿಬಿಡ್ತವೆ, ದಿನಕ್ಕೆ ಇಂಥದ್ದು ಎರಡು ಸಾಕು.

ಪ್ರಶ್ನೆ: ಗ್ರಾಮರ್ ಟೆಸ್ಟಲ್ಲಿ ಸ್ಪೆಲಿಂಗ್ ತಪ್ಪಿದ್ರೆ ಮಾರ್ಕ್ಸ್ ಕಟ್ ಮಾಡ್ಬೇಕಾ? (ಓದುಗರು, ಪುಣೆ)

ಉತ್ತರ: ಬೇಡ. ಸ್ಪೆಲಿಂಗ್ ಬೇಕಿದ್ರೆ ಬೇರೆ ದಿನ ಡಿಕ್ಟೇಶನ್ ಕೊಡಿ. ರೀಡಿಂಗ್ ಟೆಸ್ಟಲ್ಲಿ ಅಂತೂ ಸ್ಪೆಲಿಂಗಿಗೂ ಗ್ರಾಮರಿಗೂ ಕಟ್ ಮಾಡಲೇಬೇಡಿ. ಗ್ರಾಮರಲ್ಲಿ ಮಾತ್ರ, ಸ್ಟಡಿ ಅನ್ನೋದು ಸ್ಟಡೀಸ್ ಆಗೋವಾಗ ವೈ ಹೋಗಿ ಐ ಬರೋ ತರದ್ದು ರೂಲಿನದೇ ಭಾಗ, ಅದಕ್ಕೆ ಅರ್ಧ ಮಾರ್ಕು ಬೇಕಿದ್ರೆ ತೆಗೀರಿ.

ಪ್ರಶ್ನೆ: ಹಾಯ್ ಮೇಡಂ, ನಾನು ಟೆಂತ್. ಮೊಬೈಲಲ್ಲಿ ಒಂದು ಫ್ರೀ ಇಂಗ್ಲಿಷ್ ಟೆಸ್ಟ್ ಕೊಟ್ಟೆ, ಬಿ2 ಅಂತ ಬಂತು. ಮಾರನೇ ದಿನ ಬೇರೆ ಆ್ಯಪಲ್ಲಿ ಎ2 ಅಂತು. ಯಾವುದು ನಿಜ? (ವಿದ್ಯಾರ್ಥಿ, ನೆರೂಳ್)

ಉತ್ತರ: ಎರಡನ್ನೂ ನಂಬಬೇಡ ಪುಟ್ಟ. ತೀರಾ ಆರಂಭದ ಎ1ರಿಂದ ಎಲ್ಲಕ್ಕಿಂತ ಮೇಲಿನ ಸಿ2ವರೆಗಿನ ಈ ಆರು ಮಟ್ಟ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಹೊರತಂದಿದ್ದು, ಓದೋದು, ಬರೆಯೋದು, ಕೇಳೋದು, ಮಾತಾಡೋದು ಒಂದೊಂದಕ್ಕೂ ಅದರಲ್ಲಿ ಬೇರೆ ಬೇರೆ ವಿವರಣೆ ಇದೆ. ನೀನು ಓದೋದ್ರಲ್ಲಿ ಬಿ1 ಇದ್ದು ಮಾತಾಡೋದ್ರಲ್ಲಿ ಎ2 ಇರಬಹುದು, ಹತ್ತು ನಿಮಿಷದ ಆ್ಯಪು ಎಲ್ಲದಕ್ಕೂ ಒಂದೇ ಸ್ಟಿಕ್ಕರ್ ಅಂಟಿಸುತ್ತೆ. ಅದೂ ನಾಲ್ಕು ಆಪ್ಷನ್ ಇರೋ 40 ಪ್ರಶ್ನೆ ಅಂದ್ರೆ, ಕಣ್ಮುಚ್ಚಿ ಒತ್ತಿದ್ರೂ ಸುಮಾರು 10 ಸರಿಯಾಗ್ತವೆ.

ತಿಳ್ಕೊಳ್ಳೇಬೇಕು ಅಂತಿದ್ರೆ ಕೇಂಬ್ರಿಜ್‌ನವರು ನಿನ್ನ ವಯಸ್ಸಿನವರಿಗೆ ಅಂತಲೇ ಮಾಡಿರೋ ಬಿ1 ಪ್ರಿಲಿಮಿನರಿ ಫಾರ್ ಸ್ಕೂಲ್ಸ್ ಪರೀಕ್ಷೆಯ ಸ್ಯಾಂಪಲ್ ಪೇಪರ್ ಅವರ ಸೈಟಲ್ಲೇ ಫ್ರೀಯಾಗಿ ಸಿಗುತ್ತೆ. ಪರೀಕ್ಷೆ ಕಟ್ಟೋದೇನೂ ಬೇಡ, ಅದಕ್ಕೆ ಫೀಸು ಜಾಸ್ತಿ. ರೀಡಿಂಗ್ ಪೇಪರ್ ಪ್ರಿಂಟ್ ತೆಗ್ಸಿ, 45 ನಿಮಿಷ, 32 ಪ್ರಶ್ನೆ, ಫೋನು ಅಮ್ಮನ ಕೈಗೆ ಕೊಟ್ಟು ಕೂತು ಮಾಡು. ಆಮೇಲೆ ಆನ್ಸರ್ ಕೀ ನೋಡ್ಕೊಂಡು, ತಪ್ಪಾದ ಪ್ರಶ್ನೆ ಒಂದೊಂದರ ಪಕ್ಕಾನೂ ನೀನು ಆ ಆಪ್ಷನ್ ಯಾಕೆ ಹಾಕಿದೆ ಅಂತ ಒಂದೊಂದು ಸಾಲು ಕನ್ನಡದಲ್ಲೇ ಬರೆದು ಪೇಪರಿನ ಫೋಟೋ ನನಗೆ ಕಳಿಸು. ಎಷ್ಟು ಮಾರ್ಕ್ಸ್ ಬಂತು ಅಂತ ಬರೀಬೇಡ.