ಮೆಡಿಸಿನ್ ಪೋಸ್ಟಿಂಗ್ ಕೊನೆಗೆ ಬಂದರೆ ನಷ್ಟವೇ?

ಪ್ರಶ್ನೆ: ಸರ್, ನಾನು ಸರ್ಕಾರಿ ಮೆಡಿಕಲ್ ಕಾಲೇಜೊಂದರಲ್ಲಿ ಎಂ.ಬಿ.ಬಿ.ಎಸ್. ಮೂರನೇ ವರ್ಷದ ವಿದ್ಯಾರ್ಥಿನಿ. ಈ ವರ್ಷದ ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆಯ ಒಂದೊಂದು ವಿಭಾಗದಲ್ಲಿ ಸರದಿಯಂತೆ ಕಲಿಯುವುದು) ಪಟ್ಟಿ ಬಂದಿದೆ. ನಮ್ಮ ಬ್ಯಾಚಿಗೆ ಮೊದಲು ಕಮ್ಯುನಿಟಿ ಮೆಡಿಸಿನ್, ಆಮೇಲೆ ಕಣ್ಣು, ಇ.ಎನ್.ಟಿ., ಮೂಳೆ ವಿಭಾಗ. ಮೆಡಿಸಿನ್ ಎಲ್ಲಕ್ಕಿಂತ ಕೊನೆಗೆ. ಅದು ಮೊದಲೇ ಸಿಕ್ಕಿದ ಬ್ಯಾಚಿನವರಿಗಿಂತ ನಾವು ಹಿಂದೆ ಬೀಳುತ್ತೇವೇನೋ ಅಂತ ಭಯ. ಸೀನಿಯರ್‌ಗಳು ‘ಅಟೆಂಡೆನ್ಸ್ ಹಾಕಿಸಿಕೊಂಡು ಲೈಬ್ರರಿಗೆ ಹೋಗು, ನೀಟ್ ಪಿ.ಜಿ. ಪ್ರವೇಶ ಪರೀಕ್ಷೆಯ ವಿಡಿಯೊ ನೋಡು, ವಾರ್ಡಿನಲ್ಲಿ ಏನೂ ಸಿಗಲ್ಲ’ ಅನ್ನುತ್ತಾರೆ. ವರ್ಷವನ್ನು ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ಸರದಿಯ ಚಿಂತೆ ಬಿಡಿ. ಅದನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಬದಲಾಯಿಸಬೇಕಾದ ಅಗತ್ಯವೂ ಇಲ್ಲ. ಕಣ್ಣಿನ ವಿಭಾಗದಲ್ಲಿ ಕಣ್ಣಿನೊಳಗೆ ನೋಡುವ ಆಫ್ತಾಲ್ಮೋಸ್ಕೋಪ್ ಹಿಡಿಯುವುದನ್ನು ಕಲಿತರೆ ಸಕ್ಕರೆ ಕಾಯಿಲೆ, ಬಿ.ಪಿ. ರೆಟಿನಾವನ್ನು ಏನು ಮಾಡುತ್ತವೆ ಅನ್ನುವುದನ್ನು ಮೆಡಿಸಿನ್‌ಗೆ ಹೋಗುವ ಮೊದಲೇ ಕಂಡಿರುತ್ತೀರಿ. ತೋಳಿನ ಮೂಳೆ ಮುರಿದು ರೇಡಿಯಲ್ ನರಕ್ಕೆ ಪೆಟ್ಟಾಗಿ ಮುಂಗೈ ಜೋತುಬಿದ್ದವರನ್ನು ಮೂಳೆ ವಿಭಾಗದಲ್ಲಿ ಪರೀಕ್ಷಿಸಿದ್ದರೆ, ನರಮಂಡಲದ ಪರೀಕ್ಷೆಯ ಹೆದರಿಕೆ ಅಲ್ಲಿಯೇ ಅರ್ಧ ಹೋಗುತ್ತದೆ. ಇನ್ನು ಕಮ್ಯುನಿಟಿ ಮೆಡಿಸಿನ್‌ನಲ್ಲಿ ನಿಮಗೆ ವಹಿಸಿದ ದತ್ತು ಕುಟುಂಬದ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಅಜ್ಜಿಯನ್ನು ಮಾತಾಡಿಸುತ್ತೀರಲ್ಲ, ಹಿಸ್ಟರಿ ತೆಗೆಯುವುದನ್ನು, ಅಂದರೆ ರೋಗಿಯಿಂದ ಕಾಯಿಲೆಯ ವಿವರ ಕೇಳಿ ತಿಳಿಯುವುದನ್ನು, ಅದಕ್ಕಿಂತ ಚೆನ್ನಾಗಿ ಕಲಿಸುವ ಜಾಗ ಆಸ್ಪತ್ರೆಯಲ್ಲಿಲ್ಲ.

ಆದರೆ ಲೆಕ್ಕವೊಂದನ್ನು ಮನಸ್ಸಿನಲ್ಲಿಡಿ. 2019ರ ಪಠ್ಯಕ್ರಮದಲ್ಲಿ ಮೂರನೇ ವರ್ಷದ ಮೆಡಿಸಿನ್ ಪೋಸ್ಟಿಂಗ್ 4 ವಾರದ್ದು. ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ ಹಿಡಿದರೂ ಒಟ್ಟು 60 ಗಂಟೆ. ಮೊದಲು ಬಂದರೂ ಕೊನೆಗೆ ಬಂದರೂ ಅಷ್ಟೇ. ಅದರಲ್ಲಿ ರೌಂಡ್ಸ್ ಹಿಂದೆ ನಿಂತು ಸಹಪಾಠಿಗಳ ಬೆನ್ನು ನೋಡುತ್ತಾ ಕಳೆದ ಗಂಟೆಗಳನ್ನು ಕಳೆಯಿರಿ. ಉಳಿಯುವುದೆಷ್ಟು? ನನಗೆ ಕಾಳಜಿ ಇರುವುದು ಇದರ ಬಗ್ಗೆ.

ನಿಮ್ಮ ಯೂನಿಟ್‌ನ ಅಡ್ಮಿಷನ್ ದಿನ (ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಿನ) ಯಾವುದು ಅಂತ ಮೊದಲ ದಿನವೇ ಕೇಳಿಕೊಳ್ಳಿ. ಅದರ ಮರುದಿನ ಬೆಳಿಗ್ಗೆ ರೌಂಡ್ಸ್‌ಗೆ ಒಂದು ಗಂಟೆ ಮುಂಚೆ ವಾರ್ಡಿನಲ್ಲಿರಿ. ರಾತ್ರಿ ಡ್ಯೂಟಿ ಮಾಡಿದ ಪಿ.ಜಿ. (ಸ್ನಾತಕೋತ್ತರ ವಿದ್ಯಾರ್ಥಿ) ಅಥವಾ ಹೌಸ್ ಸರ್ಜನ್ (ಇಂಟರ್ನ್) ಹತ್ತಿರ ‘ಅಣ್ಣ, ನೋಡಬಹುದಾದ ಕೇಸ್ ಯಾವುದು?’ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೇಸ್ ಶೀಟ್ ಮಾತ್ರ ಮುಟ್ಟಬೇಡಿ. ರೋಗಿಯ ಬಾಯಿಂದಲೇ ಕೇಳಿ, ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ, ನಿಮ್ಮ ತೀರ್ಮಾನ ಬರೆದ ಮೇಲೆ ಶೀಟ್ ತೆರೆಯಿರಿ. ಮನೆಗೆ ಹೋಗುವವರೆಗೂ ಅದೇ ರೋಗಿಯನ್ನು ದಿನಾ ಹತ್ತು ನಿಮಿಷ ನೋಡಿ. 4 ವಾರದಲ್ಲಿ ಇಂಥ ಎಂಟು ಕೇಸ್ ಆದರೆ ಅದು ತುಂಬಾ ಒಳ್ಳೆಯ ಪೋಸ್ಟಿಂಗ್.

ನಾನು ವಿದ್ಯಾರ್ಥಿಯಾಗಿದ್ದಾಗ ಮೈಟ್ರಲ್ ಸ್ಟಿನೋಸಿಸ್ (ಹೃದಯದ ಮೈಟ್ರಲ್ ಕವಾಟ ಕಿರಿದಾಗುವುದು) ಬಗ್ಗೆ ಎರಡು ಸಲ ಓದಿದ್ದೆ. ಮಹಡಿ ಹತ್ತಿದರೆ ದಮ್ಮು ಬರುತ್ತದೆ ಅಂತ ಬಂದಿದ್ದ ಹೆಂಗಸೊಬ್ಬರ ಎದೆಯ ಮೇಲೆ ಸ್ಟೆಥೊ ಇಟ್ಟು ಐದು ನಿಮಿಷ ಕೇಳಿದರೂ ಏನೂ ಕೇಳಿಸಲಿಲ್ಲ. ಮೇಷ್ಟ್ರು ಬಂದು ಆಕೆಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರು ಹೊರಬಿಟ್ಟು ಹಿಡಿದುಕೊಳ್ಳಲು ಹೇಳಿ, ನನ್ನ ಸ್ಟೆಥೊ ತಿರುಗಿಸಿ ಬಟ್ಟಲಿನಂಥ ಬೆಲ್ ಕಡೆಯನ್ನು ಹಗುರವಾಗಿ ಇಟ್ಟರು. ದೂರದಲ್ಲೆಲ್ಲೋ ಗುಡುಗಿದ ಹಾಗೆ, ತಗ್ಗಿದ ಸದ್ದು. ಸಂಭ್ರಮದಲ್ಲಿ ನಾನು ಬೆಲ್ ಒತ್ತಿಬಿಟ್ಟೆ, ಸದ್ದು ಮಾಯ. ಒತ್ತಿದರೆ ಕೆಳಗಿನ ಚರ್ಮವೇ ಬಿಗಿದು ಸ್ಟೆಥೊದ ಇನ್ನೊಂದು ಬದಿಯ ಪೊರೆಯ ಹಾಗೆ ಡಯಾಫ್ರಂ ಆಗುತ್ತದೆ, ತಗ್ಗಿನ ಸದ್ದು ಕೇಳಿಸುವುದಿಲ್ಲ ಅಂತ ಮೇಷ್ಟ್ರು ಹೇಳಿದರು. ಇದೂ ಪುಸ್ತಕದಲ್ಲಿ ಇತ್ತು. ನನಗೆ ಹತ್ತಿದ್ದು ಮಾತ್ರ ಅವತ್ತು.

ಇನ್ನೊಂದು ವಿಷಯ, ಮಾತು. ‘ಸಂಕಟ ಆಗ್ತದೆ’ ಅಂದವರ ಕೇಸಿನಲ್ಲಿ ಎದೆನೋವು ಅಂತ ಬರೆದು ಮುಂದೆ ಹೋಗಬೇಡಿ. ಒಬ್ಬರಿಗೆ ಅದು ಹೊಟ್ಟೆ ತೊಳಸು, ಇನ್ನೊಬ್ಬರಿಗೆ ಎದೆಯುರಿ, ಮತ್ತೊಬ್ಬರಿಗೆ ನಿಜವಾದ ಹೃದಯದ ನೋವು. ‘ಉರಿಯತ್ತೇನಮ್ಮ, ಹಿಡಿಯತ್ತೋ, ಭಾರ ಇಟ್ಟ ಹಾಗಿರತ್ತೋ? ಎಲ್ಲಿ, ಕೈಯಿಟ್ಟು ತೋರಿಸಿ’ ಅನ್ನಿ. ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟರೆ ಇ.ಸಿ.ಜಿ. ಆಗಿದೆಯೇ ಅಂತ ಆ ಕ್ಷಣವೇ ವಿಚಾರಿಸಿ. ಕಲಬುರಗಿ ಕಡೆಯವರು ‘ಚಕ್ಕರ್ ಬರ್ತದ್ರಿ’ ಅಂದರೆ ತಲೆ ಸುತ್ತುವುದೋ, ಕಣ್ಣು ಕತ್ತಲೆ ಬರುವುದೋ, ಕಾಲು ನಿಲ್ಲದಿರುವುದೋ ಬಿಡಿಸಿ ಕೇಳಬೇಕು. ಪೋಸ್ಟಿಂಗ್ ಪುಸ್ತಕದ ಕೊನೆಯ ಪುಟಗಳಲ್ಲಿ ರೋಗಿಗಳು ಬಳಸುವ ಇಂಥ ಮಾತುಗಳನ್ನು ಬರೆದಿಡಿ. ಹೊರರಾಜ್ಯದ ಗೆಳೆಯರಿದ್ದರೆ ಅವರಿಗೂ ಹೇಳಿಕೊಡಿ.

ಪಟ್ಟಿಯಲ್ಲಿ ಪ್ರತಿ ಪೋಸ್ಟಿಂಗ್ ಪಕ್ಕ ಅದು ಯಾವ ತಿಂಗಳು ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ, ಹಾವು ಕಡಿತ. ಮಲೆನಾಡಿನ ಕಾಲೇಜಾದರೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ್ದು. ಏನು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ವಾರ ಓದಿಕೊಂಡು ಹೋಗಬಹುದು. ಹಾವು ಕಡಿದವರು ಬಂದರೆ 20 ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆಯನ್ನು ಪಕ್ಕದಲ್ಲಿ ನಿಂತು ನೋಡಿ: ಒಣಗಿದ, ಶುಭ್ರ ಗಾಜಿನ ಟ್ಯೂಬಿನಲ್ಲಿ 2 ಎಂ.ಎಲ್. ರಕ್ತ, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಮ್ಮೆ ಬಗ್ಗಿಸಿ ನೋಡುವುದು. ರಕ್ತ ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಅಂತ ತಿಳಿಯಬೇಕು.

ವಿಡಿಯೊ ಬೇಡ ಅನ್ನುತ್ತಿಲ್ಲ. ಬೆಳಿಗ್ಗೆ ನೋಡಿದ ಕಾಯಿಲೆಯದನ್ನೇ ಸಂಜೆ ನೋಡಿ, ತಲೆಯಲ್ಲಿ ನಿಲ್ಲುತ್ತದೆ. ಲಾಗ್‌ಬುಕ್ ಸಹಿಯನ್ನು ಆಯಾ ವಾರವೇ ಮುಗಿಸಿ. ಕ್ಲಿನಿಕಲ್‌ಗೆ ಶೇ 80 ಹಾಜರಾತಿ ಬೇಕೇ ಬೇಕು. ಊರಿನ ಮದುವೆ, ಹಬ್ಬಗಳಿಗೆ ಉಳಿದ ಶೇ 20ರಲ್ಲೇ ಜಾಗ ಮಾಡಿಕೊಳ್ಳಿ.

ಒಂದು ಬೇಡಿಕೆ ಇದೆ. ‘ಒಳ್ಳೆ ಕೇಸ್’ ಅಂತ ಹೆಸರಾದ ರೋಗಿಯ ಗುಲ್ಮವನ್ನು (ಹೊಟ್ಟೆಯ ಎಡಭಾಗದ ಸ್ಪ್ಲೀನ್) ಒಂದೇ ಬೆಳಿಗ್ಗೆ ಇಪ್ಪತ್ತು ಜನ ಒತ್ತಿ ನೋಡುತ್ತಾರೆ. ಅವರು ತಿಂಡಿ ತಿಂದಿದ್ದಾರಾ ಅಂತ ಕೇಳಿ. ಬೇಡ ಅಂದರೆ ಕೈ ಮುಗಿದು ಎದ್ದುಬನ್ನಿ.

ಪ್ರಶ್ನೆ: ಡಾಕ್ಟರೇ, ಮಗಳು ಮೂರನೇ ವರ್ಷ. ಹೆರಿಗೆ ವಿಭಾಗದ ಪೋಸ್ಟಿಂಗ್ ಇದೆ, ರಾತ್ರಿ ಲೇಬರ್ ರೂಮಿನಲ್ಲಿ ಇರುತ್ತೇನೆ ಅಂತ ಹಟ ಮಾಡುತ್ತಾಳೆ. ಅದು ಹೌಸ್ ಸರ್ಜನ್‌ಗಳ ಕೆಲಸವಲ್ಲವೇ? ನಮಗೆ ಭಯ.

ಉತ್ತರ: ಕಳಿಸಿಕೊಡಿ. ಸಂಜೆ ನೋವು ಶುರುವಾದ ತಾಯಿಗೆ ಬೆಳಗಿನ ಜಾವ ಹೆರಿಗೆಯಾಗುವವರೆಗೆ ಜೊತೆಗಿದ್ದು, ಮಗುವಿನ ಎದೆಬಡಿತ, ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ, ಗರ್ಭಕಂಠ ಎಷ್ಟು ತೆರೆದಿದೆ ಅನ್ನುವುದನ್ನು ಹೆರಿಗೆಯ ಪ್ರಗತಿ ತೋರಿಸುವ ನಕ್ಷೆಯಾದ ಪಾರ್ಟೊಗ್ರಾಫ್‌ನಲ್ಲಿ ಗುರುತಿಸುತ್ತಾ ಹೋಗುವುದು ಹಗಲಿನ 3 ಗಂಟೆಯಲ್ಲಿ ಸಿಗುವುದಿಲ್ಲ. ವಾರಕ್ಕೆ ಒಂದು ರಾತ್ರಿ ಸಾಕು. ಜೊತೆಗೆ ಗೆಳತಿಯೊಬ್ಬಳಿರಲಿ, ಡ್ಯೂಟಿ ಪಿ.ಜಿ.ಗೂ ಹಾಸ್ಟೆಲ್ ವಾರ್ಡನ್‌ಗೂ ಮೊದಲೇ ಹೇಳಿರಲಿ.

ನೀವು ಭಯಪಡಬೇಕಾದ್ದು ಸೂಜಿಗೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿದಿದೆಯೇ ಅಂತ ಇವತ್ತೇ ಕೇಳಿ. ಸೂಜಿ ಚುಚ್ಚಿದರೆ ಬೆರಳನ್ನು ಹಿಂಡುವುದು, ಬಾಯಿಗಿಡುವುದು ಬೇಡ. ಸೋಪು, ನೀರಿನಲ್ಲಿ ತೊಳೆದು ಕೂಡಲೇ ಡ್ಯೂಟಿ ಡಾಕ್ಟರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಏನಾದರೂ ಆದರೆ ಎಷ್ಟು ಹೊತ್ತಿನಲ್ಲಾದರೂ ಫೋನ್ ಮಾಡು, ಬೈಯುವುದಿಲ್ಲ ಅಂತ ಮಗಳಿಗೆ ನೀವೇ ಹೇಳಿ.