ಕಾಣೆಯಾದದ್ದು ಯಾವ ಫೈಲ್, ಮೊದಲು ಅದನ್ನು ನೋಡಿ

ಪ್ರಶ್ನೆ: ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್) ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ನನ್ನ ಮಷೀನಿನ ಹೆಸರಿನ ಕೆಳಗೆ ‘ಇನ್‌ಆಕ್ಸೆಸಿಬಲ್’ ಎಂದು ಬರುತ್ತಿದೆ. ಫೋಲ್ಡರ್ ತೆರೆದರೆ .ವಿಬಾಕ್ಸ್ ಫೈಲೇ ಇಲ್ಲ. ಒಳಗಿದ್ದದ್ದೆಲ್ಲ ಹೋಯಿತೇ?

ಉತ್ತರ: .ವಿಡಿಐ ಫೈಲ್ ಅಲ್ಲೇ ಇದೆಯೇ ನೋಡಿ. ಇದ್ದರೆ ಏನೂ ಹೋಗಿಲ್ಲ (ಮಷೀನಿನ ಒಂದು ಕ್ಷಣದ ಸ್ಥಿತಿಯನ್ನು ಉಳಿಸುವ ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಮುಂದಿನ ಪ್ರಶ್ನೆ ನೋಡಿ). .ವಿಬಾಕ್ಸ್ ಎಂಬುದು ಕೆಲವೇ ಕಿಲೋಬೈಟ್‌ಗಳ ಎಕ್ಸ್‌ಎಂಎಲ್ ಕಡತ. ಮೆಮೊರಿ ಎಷ್ಟು, ಡಿಸ್ಕ್ ಎಲ್ಲಿದೆ ಎಂಬಂಥ ವಿವರ ಮಾತ್ರ ಅದರಲ್ಲಿರುತ್ತದೆ. ಒಳಗಿನ ಓಎಸ್, ನಿಮ್ಮ ಕಡತ ಎಲ್ಲವೂ ಇರುವುದು .ವಿಡಿಐನಲ್ಲಿ.

ಅದೇ ಫೋಲ್ಡರಿನಲ್ಲಿ .ವಿಬಾಕ್ಸ್-ಪ್ರೀವ್ ಎಂದು ಕೊನೆಯಾಗುವ ಫೈಲ್ ಇರಬಹುದು. ಸೆಟ್ಟಿಂಗ್ ಬದಲಾದಾಗಲೆಲ್ಲ ಹಳೆಯದನ್ನು ವರ್ಚುವಲ್‌ಬಾಕ್ಸ್ ಈ ಹೆಸರಲ್ಲಿ ಉಳಿಸಿಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್ ಪೂರ್ತಿ ಮುಚ್ಚಿ, ಇದರ ಪ್ರತಿ ಮಾಡಿ, ಪ್ರತಿಯ ಹೆಸರಿನ ಕೊನೆಯ ‘-ಪ್ರೀವ್’ ತೆಗೆದು ಮತ್ತೆ ತೆರೆಯಿರಿ. ಬಹಳಷ್ಟು ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಪ್ರೀವ್ ಕೂಡ ಇಲ್ಲವೆಂದರೆ ಹೊಸ ಮಷೀನ್ ಮಾಡಿ, ಹೊಸ ಡಿಸ್ಕ್ ಬೇಡವೆಂದು ಇರುವ .ವಿಡಿಐ ಅನ್ನೇ ತೋರಿಸಿ. ಎಡವುವುದು ಇಲ್ಲೇ. ಹಳೆಯ ಮಷೀನ್ ಇಎಫ್‌ಐನಲ್ಲಿ ಇನ್‌ಸ್ಟಾಲ್ ಆಗಿದ್ದು ಹೊಸದು ಬಯಾಸ್‌ನಲ್ಲಿದ್ದರೆ (ಇವೆರಡೂ ಮಷೀನ್ ಶುರುಮಾಡುವ ವಿಧಾನಗಳು) ಡಿಸ್ಕ್ ಸರಿಯಿದ್ದರೂ ಬೂಟ್ ಆಗದು. ‘ಸಿಸ್ಟಮ್’ ಸೆಟ್ಟಿಂಗಿನಲ್ಲಿ ಇಎಫ್‌ಐಗೆ ಟಿಕ್ ಹಾಕಬೇಕು. ಮೊದಲು ಐಡಿಇ ಕಂಟ್ರೋಲರಿನಲ್ಲಿದ್ದ ಡಿಸ್ಕನ್ನು ಸಾಟಾ ಕಂಟ್ರೋಲರಿಗೆ (ಎರಡೂ ಡಿಸ್ಕನ್ನು ಮಷೀನಿಗೆ ಸೇರಿಸುವ ಭಾಗಗಳು) ಜೋಡಿಸಿದರೆ ಹಳೆಯ ವಿಂಡೋಸ್ 0ಎಕ್ಸ್7ಬಿ ಎಂಬ ನೀಲಿ ಪರದೆ ತೋರಿಸುವುದುಂಟು. ಯಾವುದಿತ್ತೆಂದು ಊಹಿಸಬೇಕಿಲ್ಲ. ‘ಲಾಗ್ಸ್’ ಫೋಲ್ಡರಿನ ವಿಬಾಕ್ಸ್.ಲಾಗ್ ತೆರೆಯಿರಿ: ಕಂಟ್ರೋಲರ್, ಮೆಮೊರಿ, ಡಿಸ್ಕ್ ಇದ್ದ ಪೂರ್ತಿ ಪಾತ್ ಎಲ್ಲ ಅದರಲ್ಲಿ ದಾಖಲಾಗಿರುತ್ತದೆ. ಈ ಲಾಗ್ ನೆನಪಾಗುವುದು ಎಲ್ಲ ಪ್ರಯತ್ನ ಸೋತ ಮೇಲೆ. ಅದನ್ನೇ ಮೊದಲು ತೆರೆದರೆ ಅರ್ಧ ದಿನ ಉಳಿಯುತ್ತದೆ.

ಫೋಲ್ಡರೇ ಕಾಣದಿದ್ದರೆ ಎಕ್ಸ್‌ಟರ್ನಲ್ ಡ್ರೈವಿನ ಅಕ್ಷರ ಇ ಇದ್ದದ್ದು ಎಫ್ ಆಗಿದೆಯೇ, ಆಂಟಿವೈರಸ್ ಕ್ವಾರಂಟೈನ್ ಮಾಡಿದೆಯೇ ನೋಡಿ. ಪಟ್ಟಿಯಿಂದ ಹಳೆಯ ಹೆಸರು ತೆಗೆಯುವಾಗ ಆಯ್ಕೆ ಕೇಳಿದರೆ ‘ರಿಮೂವ್ ಓನ್ಲಿ’ ಒತ್ತಿ. ‘ಡಿಲೀಟ್ ಆಲ್ ಫೈಲ್ಸ್’ ಒತ್ತಿದರೆ ಅಳಿದುಳಿದದ್ದೂ ಹೋಗುತ್ತದೆ.

ಪ್ರಶ್ನೆ: ಸ್ನ್ಯಾಪ್‌ಶಾಟ್ಸ್ ಫೋಲ್ಡರ್ ಖಾಲಿಯಾಗಿದೆ, ಮುಖ್ಯ .ವಿಡಿಐ ಮಾತ್ರ ಇದೆ. ಅದನ್ನೇ ಬೂಟ್ ಮಾಡಬಹುದೇ?

ಉತ್ತರ: ಅದನ್ನೇ ಬೇಡ, ಅದರ ಪ್ರತಿಯನ್ನು ಮಾಡಿ. ಮುಖ್ಯ ಡಿಸ್ಕಿನಲ್ಲಿ ಸಿಗುವುದು ಮೊದಲ ಸ್ನ್ಯಾಪ್‌ಶಾಟ್ ತೆಗೆದ ದಿನದ ಸ್ಥಿತಿ. ಆನಂತರದ ಬದಲಾವಣೆಗಳೆಲ್ಲ ಸ್ನ್ಯಾಪ್‌ಶಾಟ್ ಫೈಲುಗಳಲ್ಲಿದ್ದವು. ಬದಲಾದ ಬ್ಲಾಕುಗಳಷ್ಟೇ ಅವುಗಳಲ್ಲಿರುವುದರಿಂದ, ಅಡಿಯ ಡಿಸ್ಕ್ ಒಂದು ಬೈಟ್ ಬದಲಾದರೂ ಎರಡಕ್ಕೂ ತಾಳೆಯಾಗದು. ನಾಳೆ ಬ್ಯಾಕಪ್‌ನಲ್ಲಿ ಸ್ನ್ಯಾಪ್‌ಶಾಟ್ ಸಿಕ್ಕರೂ ಉಪಯೋಗಕ್ಕೆ ಬಾರದು. ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಎರಡಕ್ಕೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಇದ್ದು ವರ್ಚುವಲ್‌ಬಾಕ್ಸ್ ತಕರಾರು ತೆಗೆಯುತ್ತದೆ; ಅದರದೇ ಆದೇಶ ಸಾಧನವಾದ ವಿಬಾಕ್ಸ್‌ಮ್ಯಾನೇಜ್‌ನ ‘ಕ್ಲೋನ್‌ಮೀಡಿಯಂ’ ಬಳಸಿದರೆ ಪ್ರತಿಗೆ ಹೊಸ ಯುಯುಐಡಿ ಬರುತ್ತದೆ.

ಪ್ರಶ್ನೆ: ವರ್ಚುವಲ್ ಮಷೀನ್‌ಗಳನ್ನು ಓಡಿಸುವ ವಿಎಂವೇರ್‌ನ ಇಎಸ್‌ಎಕ್ಸ್‌ಐ ಸರ್ವರಿನಲ್ಲಿ ‘-ಫ್ಲ್ಯಾಟ್.ವಿಎಂಡಿಕೆ’ ಇದೆ, ಆದರೆ ಮಷೀನ್ ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತಿದೆ.

ಉತ್ತರ: ವಿಎಂವೇರ್‌ನಲ್ಲಿ ಒಂದು ಡಿಸ್ಕಿಗೆ ಎರಡು ಫೈಲ್: ಡೇಟಾ ತುಂಬಿದ ಫ್ಲ್ಯಾಟ್, ಅದನ್ನು ವರ್ಣಿಸುವ ಪುಟ್ಟ ಪಠ್ಯ ಫೈಲ್. ಹೋಗಿರುವುದು ಪುಟ್ಟದ್ದು, ಅದನ್ನು ಮತ್ತೆ ಬರೆಯಬಹುದು. ಮಷೀನ್ ಆಫ್ ಆಗಿರಲಿ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರಿಗೆ ಆದೇಶ ಕೊಡುವ ದಾರಿ) ‘ಎಲ್‌ಎಸ್ -ಎಲ್’ ಕೊಟ್ಟು ಫ್ಲ್ಯಾಟ್ ಫೈಲಿನ ನಿಖರ ಗಾತ್ರವನ್ನು ಬೈಟ್‌ಗಳಲ್ಲಿ ಬರೆದುಕೊಳ್ಳಿ; 40 ಜಿಬಿ ಡಿಸ್ಕಾದರೆ 42949672960. ಅಷ್ಟೇ ಗಾತ್ರದ, ಥಿನ್ ಮಾದರಿಯ (ಬರೆದಷ್ಟೇ ಜಾಗ ಹಿಡಿಯುವ) ಇನ್ನೊಂದು ಡಿಸ್ಕನ್ನು ‘ವಿಎಂಕೆಎಫ್‌ಎಸ್‌ಟೂಲ್ಸ್ -ಸಿ’ ಆದೇಶದಿಂದ ‘ಟೆಂಪ್’ ಹೆಸರಲ್ಲಿ ಸೃಷ್ಟಿಸಿ. ಅದರ ಕಂಟ್ರೋಲರ್ ಮಾದರಿ ಮಷೀನಿನ ಸೆಟ್ಟಿಂಗ್ ಫೈಲಾದ .ವಿಎಂಎಕ್ಸ್‌ನಲ್ಲಿರುವುದೇ ಆಗಿರಲಿ. ಆಮೇಲೆ ‘ಟೆಂಪ್-ಫ್ಲ್ಯಾಟ್’ ಮಾತ್ರ ಅಳಿಸಿ (ಎರಡು ಸಲ ಓದಿ ಎಂಟರ್ ಒತ್ತಿ, ತಪ್ಪು ಫ್ಲ್ಯಾಟ್ ಅಳಿಸಿದರೆ ಮುಗಿಯಿತು), ಉಳಿದ ಟೆಂಪ್.ವಿಎಂಡಿಕೆಗೆ ಹಳೆಯ ಡಿಸ್ಕಿನ ಹೆಸರಿಡಿ. ‘ವಿಐ’ ಎಡಿಟರಿನಲ್ಲಿ ತೆರೆದು ‘ಆರ್‌ಡಬ್ಲ್ಯೂ’ ಎಂದು ಶುರುವಾಗುವ ಸಾಲಿನಲ್ಲಿ ಟೆಂಪ್-ಫ್ಲ್ಯಾಟ್ ಬದಲು ನಿಜವಾದ ಫ್ಲ್ಯಾಟ್ ಹೆಸರು ಬರೆಯಿರಿ. ಮೂಲ ಡಿಸ್ಕ್ ಥಿಕ್ (ಪೂರ್ತಿ ಜಾಗ ಮೊದಲೇ ಹಿಡಿದದ್ದು) ಆಗಿದ್ದರೆ ‘ಥಿನ್‌ಪ್ರೊವಿಷನ್ಡ್’ ಸಾಲು ತೆಗೆಯಿರಿ. ಈ ಮಷೀನಿಗೆ ಸ್ನ್ಯಾಪ್‌ಶಾಟ್ ಇದ್ದರೆ ಸಿಐಡಿ (ಡಿಸ್ಕಿನ ಗುರುತು) ಸಾಲೂ ಮುಂದಿನ ಫೈಲಿನ ಪೇರೆಂಟ್‌ಸಿಐಡಿಗೆ ಹೊಂದಬೇಕು.

ಪ್ರಶ್ನೆ: ಲಿನಕ್ಸ್‌ನಲ್ಲಿ ಮಷೀನ್ ಓಡುತ್ತಿರುವಾಗಲೇ .ವಿಡಿಐ ಅಳಿಸಿಬಿಟ್ಟೆ. ಅದಿನ್ನೂ ಓಡುತ್ತಿದೆ!

ಉತ್ತರ: ಹಾಗಾದರೆ ಆಫ್ ಮಾಡಬೇಡಿ. ಫೈಲ್ ತೆರೆದಿರುವ ತನಕ ಲಿನಕ್ಸ್ ಅದರ ಜಾಗ ಬಿಟ್ಟುಕೊಡುವುದಿಲ್ಲ. ಮಷೀನನ್ನು ‘ಪಾಜ್’ ಮಾಡಿ (ತಾತ್ಕಾಲಿಕವಾಗಿ ತಡೆದು), ‘ಎಲ್‌ಎಸ್‌ಒಎಫ್’ ಆದೇಶದ ಪಟ್ಟಿಯಲ್ಲಿ ‘ಡಿಲೀಟೆಡ್’ ಎಂದಿರುವ ಸಾಲಿನಿಂದ ಪ್ರೊಸೆಸ್ ಸಂಖ್ಯೆ ಮತ್ತು ಎಫ್‌ಡಿ (ತೆರೆದ ಫೈಲಿನ) ಸಂಖ್ಯೆ ಹಿಡಿದು, /ಪ್ರಾಕ್/ಪ್ರೊಸೆಸ್ ಸಂಖ್ಯೆ/ಎಫ್‌ಡಿ/ಎಫ್‌ಡಿ ಸಂಖ್ಯೆ ಎಂಬಲ್ಲಿಂದ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕಾಪಿ ಬೇರೊಂದು ಮಷೀನಿನಲ್ಲಿ ಬೂಟ್ ಆಗುವುದನ್ನು ನೋಡುವವರೆಗೆ ಇದನ್ನು ನಿಲ್ಲಿಸಬೇಡಿ.